ಬಣವೆ ಕೇಳಿದ ಹಾಯಿ

ಆಷಾಢದಲ್ಲಿ ಹೊಸ ಸೊಸೆಯನ್ನು ತವರಿಗೆ ಕಳಿಸುತ್ತಾರೆ. ನಾನು ಹಳೆಯ ಸೊಸೆ, ನನ್ನನ್ನು ಕೆರೆಗೆ ಕಳಿಸಿದರು.

ಕಳಿಸಿದರು ಅಂದರೆ ತಪ್ಪಾದೀತು, ಹಟ ನನ್ನದೇ. ನಾನು ಕಾರವಾರದವಳು. ಕಾಲೇಜಿನ ದಿನಗಳಲ್ಲಿ ಅಲ್ಲಿಯ ಸಮುದ್ರದಲ್ಲಿ ವಿಂಡ್‌ಸರ್ಫಿಂಗ್ ಕಲಿತಿದ್ದೆ. ಉದ್ದನೆಯ ಹಲಗೆ, ಅದರ ಮೇಲೊಂದು ಕಂಬ, ಕಂಬಕ್ಕೊಂದು ಹಾಯಿ. ಹಲಗೆಯ ಮೇಲೆ ನಿಂತು ಹಾಯಿ ಹಿಡಿದರೆ ಗಾಳಿಯೇ ಎಳೆದುಕೊಂಡು ಹೋಗುತ್ತದೆ. ಆಮೇಲೆ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಗಂಡನೂ ಸಿಕ್ಕಿದ. ಸಮುದ್ರವೊಂದು ಸಿಗಲಿಲ್ಲ. ಹೋದ ವರ್ಷ ಬೆಂಗಳೂರಿನಲ್ಲಿ ಯಾರೋ ಬೇಜಾರಾಗಿ ಮಾರುತ್ತಿದ್ದ ಹಳೆಯ ಹಲಗೆ ಮತ್ತು ಹಾಯಿಯನ್ನು ಕೊಂಡುಬಿಟ್ಟೆ. ಹಾಲಿನ ಟೆಂಪೋದಲ್ಲಿ ಅವು ಮನೆಗೆ ಬಂದಿಳಿದಾಗ ಅತ್ತೆ ಹಲಗೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹಾಯಿಯ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಗಟ್ಟಿ ಐತೆ ಕಣೆ. ನಮ್ ಬಣವೆ ಮೇಲೆ ಆಕೋಕೆ ಸರಿಯಾಗ್ತದೆ."

ಅತ್ತೆಯ ಪ್ರಪಂಚದಲ್ಲಿ ವಸ್ತುಗಳು ಎರಡೇ ಬಗೆ: ಹಸುಗಳಿಗೆ ಬೇಕಾದವು, ಹಸುಗಳಿಗೆ ಬೇಡವಾದವು. ಆಮೇಲೆ ಮೋಡ ಕವಿದಾಗಲೆಲ್ಲ ಅವರು ಒಮ್ಮೆ ಹುಲ್ಲಿನ ಬಣವೆಯನ್ನು ನೋಡುವುದು, ಒಮ್ಮೆ ನನ್ನನ್ನು ನೋಡುವುದು. ಮಾತಿಗೆ ಮಾತು ಬೆಳೆದು ಕೊನೆಗೆ ನನ್ನ ಗಂಡ ಮಹಾಶಯ ನ್ಯಾಯ ಹೇಳಿದ. ಆಷಾಢ ಮುಗಿಯುವುದರೊಳಗೆ ನಾನು ಊರ ಕೆರೆಯ ಈ ದಡದಿಂದ ಆ ದಡ ಮುಟ್ಟಿದರೆ ಹಾಯಿ ನನ್ನದು, ಇಲ್ಲದಿದ್ದರೆ ಬಣವೆಯದು. ಅವನಿಗೇನು, ಅಮ್ಮನಿಗೂ ಒಳ್ಳೆಯವನಾದ, ಹೆಂಡತಿಗೂ ಒಳ್ಳೆಯವನಾದ. ಸಂಕಟವೆಲ್ಲ ನನ್ನ ಪಾಲಿಗೆ. ಆ ಮನೆಯಲ್ಲಿ ಯಾರ ಉಪಯೋಗಕ್ಕೂ ಬಾರದ, ಬರೀ ನನ್ನದೇ ಆದ ವಸ್ತು ಅಂದರೆ ಅದೊಂದೇ. ಅದೂ ಹುಲ್ಲಿನ ಮೇಲೆ ಮಲಗಿದ್ದರೆ ನಾನು ಅತ್ತುಬಿಡುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆಷಾಢದ ಕೊನೆಯ ಭಾನುವಾರ ಗಾಳಿಗೆ ಹುಚ್ಚು ಹಿಡಿದಿತ್ತು. ಕೆಜಿಎಫ್‌ನ ಮೈಸೂರು ಮೈನ್ಸ್ ಕಡೆ ಗಣಿಯ ದಿಬ್ಬಗಳಿಂದ ಧೂಳೆದ್ದು ಆಕಾಶವೇ ಮಾಸಿತ್ತು. ಆದರೂ ಕೆರೆ ಏರಿಯ ಮೇಲೆ ಸಭೆ ಸೇರಿತ್ತು. ಮೊಣಕಾಲಿನವರೆಗೂ ನೀರಿಗಿಳಿಯದ ಮಹನೀಯರೆಲ್ಲ ಅವತ್ತು ನನ್ನ ಸಲಹೆಗಾರರು. ಉರಿಗಾಂನಿಂದ ಮೀನು ಕೊಳ್ಳಲು ಬಂದಿದ್ದವರೊಬ್ಬರು "ಕಾತ್ತು ಜಾಸ್ತಿ ಮೇಡಂ, ವೇಣಾಂ!" ಎಂದು ಕೈಯಾಡಿಸಿದರು. ಗಾಳಿ ಜಾಸ್ತಿ, ಬೇಡ ಅಂತ ತಮಿಳಿನಲ್ಲಿ ಅವರು ಹೇಳಿದ್ದನ್ನೇ ಪಕ್ಕದವರು ತೆಲುಗಿನಲ್ಲಿ, ಇನ್ನೊಬ್ಬರು ಕನ್ನಡದಲ್ಲಿ ಹೇಳಿದರು. ಮೂರು ಭಾಷೆಗಳಲ್ಲಿ ಬೇಡ ಅನ್ನಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಅತ್ತೆ ಸಲಹೆ ಕೊಡಲಿಲ್ಲ, ಹಗ್ಗ ತಂದರು. ಹಸುಗಳ ಹಗ್ಗ, ಬಾವಿ ಹಗ್ಗ, ಟೆಂಪೋದ ಹಗ್ಗ, ಎಲ್ಲವನ್ನೂ ಒಂದಕ್ಕೊಂದು ಗಂಟು ಹಾಕಿ ಉದ್ದ ಮಾಡಿದ್ದರು. ಒಂದು ತುದಿಯನ್ನು ನನ್ನ ಹಲಗೆಯ ಹಿಂಬದಿಯ ಕೊಂಡಿಗೆ ಬಿಗಿದರು, ಇನ್ನೊಂದನ್ನು ದಡದ ಹುಣಸೆ ಮರಕ್ಕೆ.

"ಇದ್ಯಾಕತ್ತೆ?"

"ಗಾಳಿಗೆ ಎತ್ತಾಗಾದ್ರೂ ಒಂಟೋದ್ರೆ ಎಳ್ಕೋಬೋದು."

"ಕಟ್ಟಿ ಹಾಕಿದ್ರೆ ಇದು ಓಡೋದು ಹೇಗೆ?"

"ಯಾಕೆ, ಕಟ್ಟಾಕಿದ್ ಹಸ ಮೇಯಲ್ವೇನೆ?"

ಲೈಫ್ ಜಾಕೆಟ್ ಬಿಗಿದುಕೊಂಡು ನೀರಿಗಿಳಿದೆ.

ಹಾಯಿ ಎತ್ತಿದ ಕೂಡಲೇ ಗಾಳಿ ನನ್ನನ್ನು ಎತ್ತಿ ಆಚೆ ಬಿಸಾಕಿತು. ಏರಿಯ ಮೇಲೆ ಕೇಕೆ. ಮತ್ತೆ ಹತ್ತಿದೆ, ಮತ್ತೆ ಬಿದ್ದೆ. ಅಂಗೈಯ ಚರ್ಮ ಕಿತ್ತುಬಂತು, ಮೂಗಿನೊಳಗೆಲ್ಲ ಕೆರೆಯ ಕೆಸರು. ನನ್ನ ಗಂಡ ದಡದಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ಪಾಪ, ಅವನಿಂದಾದ ಸಹಾಯ ಅದು. ಆಮೇಲೆ ಒಂದು ಸಲ, ಹೇಗೋ, ಕಾಲು ನಿಂತಿತು. ಬೆನ್ನು ಹಿಂದಕ್ಕೆ ಬಾಗಿಸಿ ಮೈಭಾರವನ್ನೆಲ್ಲ ಹಾಯಿಗೆ ಕೊಟ್ಟೆ. ಹಲಗೆ ಓಡಿತು. ಅಬ್ಬಾ! ಎಷ್ಟೋ ವರ್ಷಗಳ ಮೇಲೆ ಅವತ್ತು ಗಂಟಲು ಬಿಚ್ಚಿ ಕೂಗಿದೆ.

ನಡುಕೆರೆಯಲ್ಲಿ ಹಗ್ಗ ಮುಗಿಯಿತು. ಹಲಗೆ ನಿಂತಿತು, ನಾನು ನಿಲ್ಲಲಿಲ್ಲ. ತಲೆಕೆಳಗಾಗಿ ಬಿದ್ದು, ಕೆಮ್ಮುತ್ತಾ ಹಲಗೆಯನ್ನು ತಬ್ಬಿಕೊಂಡು ನೋಡುತ್ತೇನೆ, ಹಗ್ಗ ಮರದವರೆಗೂ ಬಿಗಿದು ನಿಂತಿದೆ. ಹಲಗೆಯ ಗಂಟು ಬಿಚ್ಚಲು ನೋಡಿದೆ. ನೆನೆದ ಗಂಟು, ಅದೂ ಅತ್ತೆ ಹಾಕಿದ್ದು, ನನ್ನ ಉಗುರು ಮುರಿಯಿತೇ ಹೊರತು ಅದು ಅಲ್ಲಾಡಲಿಲ್ಲ. ಕೂಗಿದರೆ ಗಾಳಿ ನನ್ನ ಮಾತನ್ನು ನನ್ನ ಬಾಯಿಗೇ ತುರುಕುತ್ತಿತ್ತು. ದೂರದಲ್ಲಿ ಅತ್ತೆಯ ಕೆಂಪು ಸೀರೆ ಮರದ ಬುಡಕ್ಕೆ ಹೋಗುವುದು ಕಂಡಿತು. ಆಯಿತು, ಈಗ ಹಸುವನ್ನು ಎಳೆದಂತೆ ಎಳೆದುಕೊಳ್ಳುತ್ತಾರೆ, ಬಣವೆ ಗೆದ್ದಿತು ಅಂದುಕೊಂಡು ಅಲ್ಲೇ ಗಳಗಳ ಅತ್ತುಬಿಟ್ಟೆ. ಕೆರೆ ತುಂಬ ನೀರಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಹಗ್ಗ ಸಡಿಲವಾಯಿತು. ಎಳೆಯುತ್ತಾರೆಂದು ಕಾದೆ, ಎಳೆಯಲಿಲ್ಲ. ಅದು ಹಾಗೇ ನೀರಿನ ಮೇಲೆ ಮಲಗಿತು.

ಯಾಕೆ, ಏನು ಎಂದು ಯೋಚಿಸುತ್ತಾ ಕೂರಲು ನನಗೇನು ತಲೆ ಕೆಟ್ಟಿತ್ತೆ? ಎದ್ದು ಹಾಯಿ ಎತ್ತಿದೆ. ಉದ್ದನೆಯ ಹಗ್ಗವನ್ನು ಹಿಂದೆ ಎಳೆದುಕೊಂಡೇ ಹೋಗಿ ಆಚೆ ದಡದ ಜೊಂಡಿನೊಳಗೆ ನುಗ್ಗಿ ಮಕಾಡೆ ಬಿದ್ದೆ. ಅಲ್ಲಿ ನನ್ನನ್ನು ಸ್ವಾಗತಿಸಲು ಒಂದು ಎಮ್ಮೆ ಇತ್ತು.

ಅತ್ತೆ ಮತ್ತು ಗಂಡ ಏರಿ ಸುತ್ತಿಕೊಂಡು ಟೆಂಪೋದಲ್ಲಿ ಬಂದರು. ಅತ್ತೆ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿ, ಸೆರಗಿನಿಂದ ನನ್ನ ಮೂಗು ಒರೆಸಿ, ಹಗ್ಗ ಸುತ್ತತೊಡಗಿದರು.

"ಮರದ್ ತಾವ ಗಂಟು ಜಾರೋಯ್ತು ಕಣೆ. ಆಳಾದ್ ಗಂಟು," ಅಂದರು. ಅವರ ಬೆರಳ ತುದಿಗಳು ಕೆಂಪಾಗಿದ್ದವು.

ಆ ಸಂಜೆ ಮಳೆ ಬಂತು. ಬಣವೆಯ ನೆತ್ತಿ ನೆನೆಯಿತು. ಹಾಯಿ ನಡುಮನೆಯಲ್ಲಿ ಬೆಚ್ಚಗಿತ್ತು, ಅತ್ತೆ ಅದರ ಸುದ್ದಿ ಎತ್ತಲಿಲ್ಲ. ಕೊಟ್ಟಿಗೆಯಲ್ಲಿ ಹಸು ಕಟ್ಟುತ್ತಿದ್ದವರ ಹಿಂದೆ ಹೋಗಿ ನಿಂತು ಕೆಣಕಿದೆ.

"ಸರಿಯಾಗಿ ಕಟ್ಟಿ ಅತ್ತೆ, ಗಂಟು ಜಾರೀತು."

"ಓಗೇ ಸಾಕು! ನಾನ್ ಕಟ್ಟಿದ್ ಗಂಟು ಉಟ್ಟಿದಾಗಿಂದ ಒಂದಾದ್ರೂ ಜಾರೈತಾ?" ಎಂದು ರೇಗಿದವರು ಹಾಗೇ ನಾಲಿಗೆ ಕಚ್ಚಿಕೊಂಡು, ಹಸುವಿನ ಆಚೆ ಬದಿಗೆ ಹೋಗಿ ನಿಂತರು.