ಖಾಜಾನ ಪಾಳಿಯ ವಿಜಯನಗರ

ಗಂಗಾವತಿಯ ನಮ್ಮ ಓಣಿಯಲ್ಲಿ ಮೊಬೈಲು ಇನ್ನೂ ದೊಡ್ಡವರ ಕಿಸೆಯಲ್ಲಷ್ಟೇ ಇದ್ದ ದಿನಗಳವು. ಮಕ್ಕಳಾದ ನಮಗೆ ಆಟದ ಸಾಮಾನು ಬೇಕಿದ್ದರೆ ನಾವೇ ಮಾಡಿಕೊಳ್ಳಬೇಕಾಗಿತ್ತು. ಹಾಗೆ ಬೆಳೆದ ಓದುಗರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲವೆಂದು ಭಾವಿಸುತ್ತೇನೆ. ಆದಾಗ್ಯೂ, ಒಂದು ದಸರಾ ರಜೆಯಲ್ಲಿ ಆರಂಭವಾಗಿ ರಾಜ್ಯೋತ್ಸವದ ಸಂಜೆ ಕೊನೆಗೊಂಡ ನಮ್ಮ ಯುದ್ಧದಾಟಕ್ಕೆ ಸಂಬಂಧಿಸಿದಂತೆ ಕೆಲವು ಸಂಗತಿಗಳನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ನೆನೆದಾಗಲೆಲ್ಲ ನನಗೆ ಹೇಸಿಗೆ ಬರುತ್ತದೆ. ಸಿಹಿಯಾದ ನೆನಪನ್ನು ನಿರೀಕ್ಷಿಸಿದವರು ದಯವಿಟ್ಟು ಕ್ಷಮಿಸಬೇಕು.

ನನ್ನ ಗೆಳೆಯ ಖಾಜಾನ ತಂದೆ ಇಮಾಮಸಾಬರು ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಶುಕ್ರವಾರ ಅವರು ಜುಮ್ಮಾ ನಮಾಜು ಮುಗಿಸಿ ಬಂದು, ಉಂಡು ಮಲಗಿದರೆಂದರೆ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು ನಮ್ಮಿಬ್ಬರ ಸ್ವಾಧೀನಕ್ಕೆ ಬರುತ್ತಿತ್ತು. ಮಷಿನ್ ಎಣ್ಣೆ ಮತ್ತು ಹೊಸ ಬಟ್ಟೆಯ ಗಂಜಿ ವಾಸನೆಯ ನಡುವೆ ನಾವು ಸೀಮೆಸುಣ್ಣದಿಂದ ಮೇಜಿನ ಮೇಲೆ ಹೊಳೆಯನ್ನು ಬರೆದು, ಅದರ ಎರಡೂ ದಂಡೆಗೆ ದಂಡು ನಿಲ್ಲಿಸುತ್ತಿದ್ದೆವು.

ಶಾಲೆಯಲ್ಲಿ ಆಗಷ್ಟೇ ರಕ್ಕಸತಂಗಡಿ ಕಾಳಗದ ಪಾಠವಾಗಿತ್ತು. ಕಾಲುವೆಯ ಜಿಗುಟು ಮಣ್ಣನ್ನು ತಂದು ಕಿರುಬೆರಳಿನೆತ್ತರದ ಸೈನಿಕರನ್ನು, ಕುದುರೆ-ಆನೆಗಳನ್ನು ಮಾಡಿದ್ದೆವು. ವಿಜಯನಗರದವರಿಗೆ ಕೆಮ್ಮಣ್ಣಿನ ಬಣ್ಣ, ಸುಲ್ತಾನರ ಕಡೆಯವರಿಗೆ ಬಟ್ಟೆಗೆ ಹಾಕುವ ನೀಲಿ. ಗುಂಡುಪಿನ್ನುಗಳೇ ಭರ್ಜಿಗಳು. ಯಾರು ಎಷ್ಟು ಮುಂದೆ ಸಾಗಬೇಕೆಂಬುದನ್ನು ದರ್ಜಿಯ ಟೇಪಿನಿಂದ ಅಳೆಯುತ್ತಿದ್ದೆವು: ಕಾಲಾಳಿಗೆ ಎರಡು ಇಂಚು, ಕುದುರೆಗೆ ಐದು. ಎರಡು ಕಡೆಯವರು ಎದುರಾದಾಗ ಸೀಳಿದ ಹುಣಸೆಬೀಜಗಳನ್ನು ಎಸೆಯುವುದು. ಹೆಚ್ಚು ಬಿಳಿ ಮೈ ಬಿದ್ದವನಿಗೆ ಜಯ. ಪಾಠದಲ್ಲಿ ವಿಜಯನಗರ ಸೋತಿತ್ತು. ನಮ್ಮ ಮೇಜಿನ ಮೇಲೆ ಅದು ಬೀಜಕ್ಕೆ ಬಿಟ್ಟ ವಿಷಯವಾಗಿತ್ತು.

“ಲೇ ವೀರಯ್ಯಾ, ನಿನ್ನ ಆನಿ ಎಮ್ಮಿ ಕರ ಕಂಡಂಗ ಕಾಣ್ತೈತಿ,” ಎನ್ನುತ್ತಿದ್ದ ಖಾಜಾ.

“ಎಮ್ಮಿ ಕರಾನ ನಿನ್ನ ಸುಲ್ತಾನನ್ನ ತುಳಿತೈತಿ, ನೋಡಕೋತ ಇರು.”

“ತುಳಿಲಿ ಬಿಡು. ಮುಂದಿನ ವಾರ ಆ ಕರ ನಂದ ಆಕ್ಕೈತಲ್ಲ!”

ಅವನು ಹೇಳಿದ್ದು ನಮ್ಮ ಮುಖ್ಯ ನಿಯಮವನ್ನು. ಒಂದು ಆಟ ಮುಗಿದೊಡನೆ ದಂಡುಗಳು ಅದಲುಬದಲಾಗಬೇಕು. ಸೋತವನಿಗೆ ಗೆದ್ದ ದಂಡು ಸಲ್ಲಬೇಕು. ಹೀಗಾಗಿ ಖಾಜಾ ರಾಯನೂ ಆಗಿದ್ದ, ನಾನು ಸುಲ್ತಾನನೂ ಆಗಿದ್ದೆ. ಇಬ್ಬರೂ ಎರಡೂ ಕಡೆಯಿಂದ ಮನಸಾರೆ ಬೈದಾಡಿದ್ದೆವು. ಒಳಗಿನಿಂದ ಖಾಜಾನ ತಾಯಿ ತಂದಿಡುತ್ತಿದ್ದ ಮಂಡಕ್ಕಿ ಒಗ್ಗರಣೆಗೆ ಮಾತ್ರ ಕದನವಿರಾಮ.

ನಮ್ಮ ಓಣಿಯ ಸಂಘವೊಂದರ ಅಧ್ಯಕ್ಷರು ಪ್ಯಾಂಟಿನ ಅಳತೆ ಕೊಡಲು ಬಂದಾಗ ಈ ಆಟವನ್ನು ಕಂಡರು. “ಭಾಳ ಛಲೋ ಐತಿ! ರಾಜ್ಯೋತ್ಸವದಾಗ ಮಂದಿ ಮುಂದ ಆಡ್ರಿ,” ಎಂದು ಅಪ್ಪಣೆ ಮಾಡಿದರು. ಹಿಂದಿನ ಶುಕ್ರವಾರ ನಾನು ವಿಜಯನಗರದ ಕಡೆಯಿಂದ ಆಡಿ ಗೆದ್ದಿದ್ದೆ. ಆದಕಾರಣ ರಾಜ್ಯೋತ್ಸವದ ದಿನ ವಿಜಯನಗರವು ಖಾಜಾನ ಪಾಳಿಗೆ ಬಂದಿತ್ತು. ಅಷ್ಟು ಜನರ ಮುಂದೆ ರಾಯನಾಗುವುದೆಂದು ಅವನು ಹಿಗ್ಗಿ, ರಾಯನ ಆನೆಗೆ ಜರಿಯ ದಾರದಿಂದ ಹೊಸ ಅಂಬಾರಿ ಕಟ್ಟಿದ.

ಆ ಸಂಜೆ ಮೇಜನ್ನು ಓಣಿಯ ಕಟ್ಟೆಯ ಮೇಲಿಟ್ಟರು. ಗದ್ದೆಗಳ ಕಡೆಯಿಂದ ಹೊಸ ಭತ್ತದ ವಾಸನೆ ಬರುತ್ತಿತ್ತು. ಖಾಜಾ ತಲೆ ಬಾಚಿಕೊಂಡು, ಕೆಂಪು ದಂಡಿನ ಹಿಂದೆ ನಿಂತ. ಅಧ್ಯಕ್ಷರ ಒಂದು ಕೈಯಲ್ಲಿ ಮಿರ್ಚಿ ಭಜಿ ಇತ್ತು.

“ಏ, ನೀ ಆ ಕಡೆ ಹೋಗೋ. ನಿಮ್ಮ ಮಂದಿ ಆ ಕಡೆ ಅದಾರ.”

“ಇಲ್ರೀ ಸಾಹೇಬ್ರ, ಇವತ್ತು ವಿಜಯನಗರ ನನ್ನ ಪಾಳಿ ಐತ್ರಿ.”

“ಪಾಳಿ ಅಂತ ನೋಡ್ರಪ್ಪೋ! ವಿಜಯನಗರಕ್ಕ ನಿನ್ನ ಪಾಳಿ ಯಾವಾಗಿಂದ ಬಂತೋ?”

ನೆರೆದವರು ನಕ್ಕರು. ನಮ್ಮ ಮನೆಗೆ ಬಂದು ಚಹಾ ಕುಡಿಯುವವರು, ರಂಜಾನ್ ಹಬ್ಬಕ್ಕೆ ಖಾಜಾನ ಮನೆಯ ಸುರಕುಂಬಾ ಪಾಯಸ ಉಂಡು ಹೊಗಳುವವರು ಸಹ ನಕ್ಕರು.

“ಆಟದ ರೂಲೇ ಹಂಗೈತ್ರಿ,” ಎಂದು ನಾನು ಹೇಳಿದೆ. “ನೀ ಸುಮ್ನಿರೋ ತಮ್ಮಾ,” ಎಂದು ಅವರು ನನ್ನನ್ನು ಭುಜ ಹಿಡಿದು ಕೆಂಪು ದಂಡಿನ ಹಿಂದೆ ಸರಿಸಿದರು. ಖಾಜಾ ನೀಲಿಯ ಕಡೆ ಹೋಗಿ ನಿಂತ. ಗುಂಪಿನಲ್ಲಿದ್ದ ಇಮಾಮಸಾಬರು, “ಆತಾತು, ಹುಡುಗ್ರ ಆಟ ಅದು,” ಎಂದು ತಾವೂ ನಕ್ಕರು. ಆ ನಗೆಯಷ್ಟು ಕಷ್ಟದ ನಗೆಯನ್ನು ನಾನು ಮತ್ತೆ ನೋಡಿಲ್ಲ.

ಖಾಜಾ ಅಂದು ಆಡಿದಂತೆ ಎಂದೂ ಆಡಿರಲಿಲ್ಲ. ನನ್ನ ಕುದುರೆಗಳು ಉರುಳಿದವು, ಕಾಲಾಳುಗಳು ಉರುಳಿದರು. ನಗುತ್ತಿದ್ದ ಮಂದಿ ಸುಮ್ಮನಾದರು. ಕೊನೆಗೆ ಅವನು ತಾನೇ ಅಂಬಾರಿ ಕಟ್ಟಿದ ಆನೆಯ ಎದುರು ತನ್ನ ಕುದುರೆಯನ್ನು ತಂದು ನಿಲ್ಲಿಸಿ, ಬೀಜ ಎಸೆದ. ಎಲ್ಲವೂ ಬಿಳಿ ಬಿದ್ದವು.

ಅಧ್ಯಕ್ಷರು ಬಾಗಿದರು. ಮಿರ್ಚಿಯ ಎಣ್ಣೆ ಹತ್ತಿದ ಬೆರಳಿನಿಂದ ಒಂದೊಂದೇ ಬೀಜವನ್ನು ತಿರುವಿ ಕಪ್ಪು ಮಾಡಿದರು. ಕದ್ದುಮುಚ್ಚಿ ಮಾಡಲಿಲ್ಲ, ಎಲ್ಲರ ಕಣ್ಣೆದುರೇ ಮಾಡಿದರು. “ನೋಡ್ರಿ, ವಿಜಯನಗರಕ್ಕ ಜಯ!” ಎಂದು ಕೂಗಿದರು. ಶಿಳ್ಳೆ, ಚಪ್ಪಾಳೆ.

“ಬೀಜ ತಿರುವಿದ್ರಿ ನೀವು! ಗೆದ್ದಾಂವ ಖಾಜಾ!” ಎಂದು ನಾನು ಕಿರುಚಿದೆ. ಅವರು ಅದೇ ಬೆರಳುಗಳಿಂದ ನನ್ನ ಗಲ್ಲ ಹಿಂಡಿ, “ಭಾಳ ಶಾಣ್ಯಾ ಅದಾನ,” ಎಂದು ಕೊರಳಿಗೆ ಹಾರ ಹಾಕಿದರು. ಅವರ ಬಾಯಿಯಿಂದ ಗುಟ್ಕಾ ನಾರುತ್ತಿತ್ತು. ಮನೆಗೆ ಬಂದು ಎಷ್ಟು ಸಾಬೂನು ತಿಕ್ಕಿದರೂ ಗಲ್ಲದ ಜಿಡ್ಡು ಹೋಗಲಿಲ್ಲವೆಂದು ನನಗೆ ಅನ್ನಿಸುತ್ತಿತ್ತು.

ಮುಂದಿನ ಶುಕ್ರವಾರ ನಾನು ಎರಡೂ ದಂಡುಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋದೆ. “ಬಾರಲೇ, ನಿನ್ನ ಪಾಳಿ ಬಾಕಿ ಐತಿ. ನೀನ ರಾಯ,” ಎಂದೆ.

ಖಾಜಾ ಹಳೆಯ ಅಂಗಿಯೊಂದರ ಹೊಲಿಗೆ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

“ಬ್ಯಾಡಲೇ. ರಾಯ ಆದ್ರ ನಗ್ತಾರ, ಸುಲ್ತಾನ ಆಗಿ ಗೆದ್ರ ಬೀಜ ತಿರುವ್ತಾರ. ನಾ ಎಲ್ಲಿ ನಿಂತು ಆಡ್ಲಿ?”

ನಾನು ಬುಟ್ಟಿಯನ್ನು ಹಾಗೆಯೇ ಮನೆಗೆ ಹೊತ್ತು ತಂದೆ. ಮೇಜು ಅಂದು ಖಾಲಿಯಾಗಿಯೇ ಇತ್ತು.

ಈಗ ಅಂಗಡಿಯನ್ನು ಖಾಜಾನೇ ನಡೆಸುತ್ತಿದ್ದಾನೆ. ನಾನು ಕಚೇರಿಯೊಂದರಲ್ಲಿ ನೌಕರನಾಗಿದ್ದೇನೆ. ನಮ್ಮಿಬ್ಬರ ನಡುವೆ ಯಾವುದೇ ಮನಸ್ತಾಪವಿಲ್ಲ. ನನ್ನ ಮದುವೆಯ ಬಟ್ಟೆ ಹೊಲಿದವನು ಅವನೇ. ರಂಜಾನಿಗೆ ಅವನ ಮನೆಯಲ್ಲಿ ಉಣ್ಣುತ್ತೇನೆ. ಊರಿನವರು ನಮ್ಮನ್ನು ತೋರಿಸಿ ಮೆಚ್ಚಿಕೊಳ್ಳುವುದೂ ಉಂಟು. ಹಾಗೆ ಮೆಚ್ಚುವವರಲ್ಲಿ ಅಂದು ಶಿಳ್ಳೆ ಹಾಕಿದವರೂ ಇದ್ದಾರೆ. ಅವರ ಮಾತು ಕೇಳಿದಾಗ ನಾನು ಇಂದಿಗೂ ಗಲ್ಲ ಒರೆಸಿಕೊಳ್ಳುತ್ತೇನೆ. ನಾವು ಇಂದು ಹೊಲಿಗೆ, ಮಕ್ಕಳ ಶಾಲೆ, ಕಾಲುವೆಗೆ ನೀರು ಬಿಡುವ ಸುದ್ದಿಗಳನ್ನು ಮಾತಾಡುತ್ತೇವೆ. ಅವನು ಎಂದೂ ನನ್ನನ್ನು ಬೈಯುವುದಿಲ್ಲ, ನಾನು ಎಂದೂ ಅವನನ್ನು ಕೆಣಕುವುದಿಲ್ಲ. ವಿಜಯನಗರದ ಪರವಾಗಿ ನನ್ನ ಮೇಲೆ ದಂಡೆತ್ತಿ ಬಂದು, ನನ್ನನ್ನು ನೆಲ ಕಚ್ಚಿಸಿ, ಹೊಟ್ಟೆ ಹಿಡಿದುಕೊಂಡು ನಗುವ ಖಾಜಾ ಮಾತ್ರ ನನಗೆ ಮತ್ತೆ ಸಿಗಲಿಲ್ಲ.