ನಮಸ್ಕಾರ ಅಂದ ಕಂಪ್ಯೂಟರ್

ಹತ್ರ ಬರ್ರಿ, ಮೆಲ್ಲಗ ಹೇಳ್ತೀನಿ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಪಕ್ಕದ ಮನಿ ಬಸಮ್ಮಗ ರೊಟ್ಟಿ ಬಡಿದು ಕೊಡಾಕ ಹೋಗಿದ್ದೆ. ಆಕಿ ಸೊಸಿ ಕಂಪ್ಯೂಟರಿನಾಗ ವೆಬ್‌ಸೈಟ್ ಮಾಡೋದು ಕಲಿಯಾಕ ಕುಂತಿದ್ದಳು. ಪರದೆ ಮ್ಯಾಲಿಂದು ಅಕ್ಷರ ಕೂಡಿಸಿ ಓದಿದೆ: 'ನಮಸ್ಕಾರ ಸುರೇಶ'. ಸೊಸಿ ಗಂಡನ ಹೆಸರು ಈರಣ್ಣ.

ನಳದ ಹತ್ರ ನಾಕು ಮಂದಿಗೆ ಹೇಳಿದೆ, ಅಷ್ಟೇ. ಸಂಜಿಗೆ ಈರಣ್ಣ, "ಕಲಿತಿದ್ದು ಸಾಕು, ಮುಚ್ಚಿಡು" ಅಂದನಂತ.

ಮರುದಿನ ಬಸಮ್ಮ ನನ್ನ ಕರೆದು ಕಂಪ್ಯೂಟರ್ ಮುಂದ ಕುಂದರಿಸಿದಳು. "ಗಂಡನ ಹೆಸರು ಹೇಳಬಾರದಂತ ಸೊಸಿ ತನ್ನ ತವರೂರು ಪತ್ತಿಕೊಂಡದಾಗಿನ ತಮ್ಮನ ಹೆಸರು ಬರದಾಳ. ಇದು ಮೊದಲನೇ ಪಾಠ. ಯಾರ ಹೆಸರು ಬರೆದ್ರೂ ನಮಸ್ಕಾರ ಅಂತೈತಿ."

ಸೊಸಿ ನನ್ನ ಹೆಸರು ಒತ್ತಿದಳು. ನನಗೂ ನಮಸ್ಕಾರ ಅಂತು. ನಾನು ನಕ್ಕೆ. ಬಸಮ್ಮ ನಗಲಿಲ್ಲ.

"ಪಾಪ, ಅದಕ್ಕ ನಿನ್ನ ಗುರುತಿಲ್ಲಕ್ಕಾ," ಅಂದಳು.