ಕರಗಿ ಆರಿದ ಕಲ್ಲಿನ ಕೊನೇ ಚೂರು

ನನ್ನ ಸೋದರತ್ತೆಗೆ ಆತುರಗಾರರನ್ನು ಕಂಡರಾಗದು. ಕಾಲೇಜಿನ ಭೂವಿಜ್ಞಾನ ವಿಭಾಗದ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷದಿಂದ ಕಲ್ಲು ಅರೆಯುವುದೇ ಅವಳ ಕೆಲಸ. ಕಲ್ಲಿನ ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ಕೂದಲಿಗಿಂತ ತೆಳ್ಳಗಾಗುವ ತನಕ ತೇಯಬೇಕು. ಆಗ ಕಲ್ಲಿನೊಳಗೂ ಬೆಳಕು ಹಾಯುತ್ತದೆ, ಸೂಕ್ಷ್ಮದರ್ಶಕದಲ್ಲಿ ಅದರ ಹರಳುಗಳು ಕಾಣುತ್ತವೆ. ಅದೇ ಕಟ್ಟಡದಲ್ಲಿ ಉಗ್ರಾಣ ನೋಡಿಕೊಳ್ಳುವ ನನಗೆ ಅವಳ ಬೈಗುಳ ತಪ್ಪಿದ ದಿನವಿಲ್ಲ. ಬಾಯಿ ಜೋರು, ಕೈ ಮಾತ್ರ ಬಂಗಾರ.

ಒಂದು ಶನಿವಾರ ಸಂಶೋಧನೆ ಮಾಡುವ ಹುಡುಗಿ ಬಂದು ಬಾಗಿಲಲ್ಲೇ ನಿಂತಳು. ಅತ್ತೆ ಅವಳನ್ನು ಕರೆಯುವುದು ಚಿನಕುರುಳಿ ಅಂತ. ಅವತ್ತು ಮುಖ ಸಪ್ಪಗಿತ್ತು, ಕೈಯಲ್ಲೊಂದು ಗಾಜು. ಅದರ ಮೇಲೆ ಕಲ್ಲೇ ಇಲ್ಲ, ಬರೀ ಅಂಟು.

"ನಾನಿಲ್ಲದಾಗ ನೀನೇ ಅರೆದೆಯಾ?" ಅಂದಳು ಅತ್ತೆ.

"ಬೇಗ ಆಗಲಿ ಅಂತ ಅಮ್ಮಾ... ಪೂರ್ತಿ ಸವೆದೇ ಹೋಯ್ತು. ಇನ್ನು ಉಳಿದಿರೋದು ಇಷ್ಟೇ." ಹೆಬ್ಬೆರಳ ಉಗುರಿನಷ್ಟು ಚೂರು ತೋರಿಸಿದಳು.

ಆ ಕಲ್ಲು ಒಂದು ದೊಡ್ಡ ಹೊಂಡದ ನಡುವಿನದು. ಉಲ್ಕೆ ಬಡಿದಾಗ ಕರಗಿ ಆರಿದ್ದು ಎಂಬುದು ಅವಳ ವಾದ. ಹರಳು ಇಷ್ಟು ದಪ್ಪವಿರುವುದರಿಂದ ಜ್ವಾಲಾಮುಖಿಯದೇ ಎಂಬುದು ಅವಳಿಗೆ ಮಾರ್ಗದರ್ಶನ ಮಾಡುವ ಮೇಷ್ಟರ ಹಟ. ಸೋಮವಾರದೊಳಗೆ ಪುರಾವೆ ತೋರಿಸದಿದ್ದರೆ ಎರಡು ವರ್ಷದ ಕೆಲಸ ನೀರುಪಾಲು.

"ಹೊಂಡದ ಅಂಚಲ್ಲಿ ಕರಗಿದ್ದು ತಣ್ಣನೆ ಬಂಡೆಗೆ ತಗುಲಿ ತಕ್ಷಣ ಗಟ್ಟಿಯಾಗುತ್ತೆ ಅಮ್ಮಾ, ಹರಳು ಬೆಳೆಯೋಕೆ ಪುರಸೊತ್ತೇ ಇಲ್ಲ. ನಡುವೆ ಆಳವಾಗಿ ನಿಂತದ್ದು ಆರೋಕೆ ಸಾವಿರಾರು ವರ್ಷ. ಅದಕ್ಕೇ ಹರಳು ದಪ್ಪ."

"ಪಾತ್ರೆ ಅಂಚಿನದು ಬೇಗ ಆರುತ್ತೆ, ನಡುವಿನದು ನಾಲಿಗೆ ಸುಡುತ್ತೆ. ಇದಕ್ಕೆ ಇಷ್ಟೊಂದು ಓದಬೇಕಾ?"

ಹುಡುಗಿಗೆ ನಗು ಬಂತು. ಕರಗದೆ ಉಳಿದ ಒಂದಾದರೂ ಬೆಣಚುಕಲ್ಲಿನ ಹರಳು ಸಿಕ್ಕಬೇಕು, ಅದರಲ್ಲಿ ಸಾಲು ಗೆರೆಗಳಿರಬೇಕು; ಅಂಥ ಗೆರೆ ಬೀಳುವುದು ಉಲ್ಕೆಯ ಹೊಡೆತಕ್ಕೆ ಮಾತ್ರ ಎಂದಳು.

ಅತ್ತೆ ಆ ಚೂರನ್ನು ಹೊಸ ಗಾಜಿಗೆ ಅಂಟಿಸಿದಳು. ಅಂಟು ಬೇಗ ಒಣಗಲೆಂದು ಹುಡುಗಿ ಹೀಟರ್ ಹಾಕಹೋದಾಗ ತಡೆದಳು. ಬಿಸಿ ಮಾಡಿದರೆ ಗುಳ್ಳೆ ಏಳುತ್ತದೆ. ಭಾನುವಾರವಿಡೀ ಅದು ತನ್ನ ಪಾಡಿಗೆ ಒಣಗಿತು.

ಸೋಮವಾರ ಬೆಳಗ್ಗೆ ಅತ್ತೆ ಅರೆಯಲು ಕೂತಳು. ಬೆಣಚುಕಲ್ಲಿನ ಹರಳು ಸೂಕ್ಷ್ಮದರ್ಶಕದಲ್ಲಿ ಹಳದಿ ಕಂಡರೆ ಇನ್ನೂ ದಪ್ಪ, ಬೂದು ಕಂಡರೆ ಸಾಕು. ನಾಲ್ಕು ಸುತ್ತು ಅರೆಯುವುದು, ತೊಳೆಯುವುದು, ನೋಡುವುದು. ಮೇಷ್ಟರು ಬಂದು ಗಡಿಯಾರ ನೋಡುತ್ತ ನಿಂತರು.

"ಇನ್ನೂ ಎಷ್ಟು ಹೊತ್ತಮ್ಮಾ?"

"ಕಲ್ಲು ಆರೋಕೆ ಸಾವಿರಾರು ವರ್ಷ ತಗೊಂಡಿದೆಯಂತೆ ಸಾರ್. ನಿಮಗೆ ಅರ್ಧ ಗಂಟೆ ಭಾರವಾ?"

ಮತ್ತೊಮ್ಮೆ ನೋಡಿದ ಅತ್ತೆ ಗಾಜನ್ನು ಸೂಕ್ಷ್ಮದರ್ಶಕದಡಿಯಲ್ಲೇ ಬಿಟ್ಟು ಕೈ ಒರೆಸಿಕೊಂಡಳು. ಮೇಷ್ಟರು ಬಗ್ಗಿ ಅವಸರದಲ್ಲಿ ಒಂದು ಸಲ ನೋಡಿ, "ಇನ್ನೂ ಹಳದಿ ಇದೆಯಲ್ಲ. ಪೂರ್ತಿ ಅರೀರಿ," ಎಂದರು.

"ಇಲ್ಲ ಸಾರ್, ಇಷ್ಟೇ."

ಮೂವತ್ತೊಂದು ವರ್ಷದಲ್ಲಿ ಅವಳು ಅರ್ಧ ಕೆಲಸ ಕೊಟ್ಟದ್ದು ಅದೇ ಮೊದಲು.

"ಎಡಗಡೆ ತುದಿ ನೋಡಿ, ಅಲ್ಲಿ ಆಗಲೇ ಬೂದು ಬಂದಿದೆ. ತುದಿಯೇ ಮೊದಲು ಸವೆಯೋದು," ಎಂದಳು ಅತ್ತೆ.

ಮೇಷ್ಟರು ಗಾಜನ್ನು ನಿಧಾನ ಸರಿಸಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಕನ್ನಡಕ ತೆಗೆದು ಹುಡುಗಿಯತ್ತ ತಿರುಗಿದರು.

"ಗೆರೆಗಳಿವೆ ಕಣಮ್ಮಾ. ಉಲ್ಕೆಯದೇ. ಬರೆಯೋಕೆ ಶುರುಮಾಡು." ಅತ್ತೆಯ ಮುಖ ನೋಡಲಾರದೆ ಮೆಲ್ಲಗೆ ಅಂದರು, "ಇನ್ನು ನಾಲ್ಕು ಸುತ್ತಿಗೆ ಈ ತುದಿಯ ಹರಳು ಸವೆದೇ ಹೋಗ್ತಿತ್ತು. ಅರೀರಿ ಅಂದವನು ನಾನೇ."